ಐದು ತಿಂಗಳ ಮಂತ್ರಿಮಂಡಲ

ಸಂಮಿಶ್ರ ಮಂತ್ರಿಮಂಡಲವೆಂಬ ಮಾತು ನಮ್ಮ ವಿದ್ಯಾರ್ಥಿಗಳ ಕಿವಿಗೆ ಹೊಸದಲ್ಲ. ಹಲವು ಪಕ್ಷಗಳು ಒಂದು ರಂಗವಾಗಿ ನಿಂತು ರಾಜ್ಯವಾಳುವುದನ್ನೂ, ಅವುಗಳಲ್ಲೊಂದು ಮುನಿದು ಹೊರಟಾಗ ಮಂತ್ರಿಮಂಡಲವೇ ಕುಸಿಯುವುದನ್ನೂ ಗಡಿನಾಡಿನವರಾದ ನಾವು ಪತ್ರಿಕೆಗಳಲ್ಲಿ ಓದಿದ್ದೇವೆ, ಕಣ್ಣಾರೆ ಕಂಡೂ ಇದ್ದೇವೆ. ಆದರೆ ಇವರು ಕೂಡುವುದೇಕೆ, ಕೂಡಿದವರು ಒಡೆಯುವುದೇಕೆ ಎಂದು ಮಕ್ಕಳು ಕೇಳಿದರೆ, "ಎಲ್ಲ ಅಧಿಕಾರದಾಸೆ" ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತೇವೆ. ಆ ಉತ್ತರ ಎಷ್ಟೋ ಸಲ ಸರಿ. ಎಲ್ಲ ಸಲವೂ ಸರಿಯಲ್ಲ. ಅಧಿಕಾರದ ಹಂಬಲ ಅಷ್ಟಾಗಿ ಇಲ್ಲದ ಒಬ್ಬ ಸಜ್ಜನರು ಆರು ಪಕ್ಷಗಳನ್ನು ಕೂಡಿಸಿಕೊಂಡು 1945ರಲ್ಲಿ ಇಟಲಿ ದೇಶವನ್ನು ಐದು ತಿಂಗಳಿಗೆ ತುಸು ಹೆಚ್ಚು ಕಾಲ ಆಳಿದರು. ಅವರ ಹೆಸರು ಫೆರೂಚ್ಚೊ ಪಾರ್ರಿ. ಅವರ ಮಂತ್ರಿಮಂಡಲ ಏಕೆ ಹುಟ್ಟಿತು, ಏಕೆ ಬಿತ್ತು ಎಂಬುದನ್ನು ಇಲ್ಲಿ ನಮ್ಮ ತಿಳಿವಿಗೆ ಎಟುಕಿದಷ್ಟು ವಿವರಿಸುತ್ತೇವೆ. ಆ ಐದು ತಿಂಗಳಲ್ಲಿ ಗಡಿಭಾಗದ ಮಕ್ಕಳ ಶಾಲಾಭಾಷೆಯ ವಿಷಯದಲ್ಲಿ ನಡೆದ ಒಂದು ಕೆಲಸವೂ ಇದೆ. ನಮ್ಮಂತಹ ಶಾಲೆಯವರು ಅದನ್ನು ತಿಳಿಯದೆ ಇರತಕ್ಕದ್ದಲ್ಲ.

ಮೊದಲು ಹಿನ್ನೆಲೆಯನ್ನು ನೋಡೋಣ. 1922ರಿಂದ ಮುಸೊಲಿನಿ ಇಟಲಿಯನ್ನು ಆಳಿದನು. ಕೆಲವೇ ವರ್ಷಗಳಲ್ಲಿ ಅವನ ಫ್ಯಾಸಿಸ್ಟ್ ಪಕ್ಷದ ಹೊರತು ಬೇರೊಂದು ಪಕ್ಷ ಆ ದೇಶದಲ್ಲಿ ಬಹಿರಂಗವಾಗಿ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋಲು ಹತ್ತಿರವಾದಾಗ, 1943ರ ಜುಲೈ 25ರಂದು, ಅರಸನೇ ಅವನನ್ನು ಪದವಿಯಿಂದ ತೆಗೆದನು. ಸೆಪ್ಟೆಂಬರ 8ರಂದು ಇಟಲಿ ಮಿತ್ರರಾಷ್ಟ್ರಗಳೊಡನೆ ಯುದ್ಧವಿರಾಮ ಸಾರಿತು; ಆದರೆ ಜರ್ಮನ್ ಸೈನ್ಯ ದೇಶದ ಉತ್ತರ ಹಾಗೂ ಮಧ್ಯಭಾಗಗಳನ್ನು ಆಕ್ರಮಿಸಿಕೊಂಡಿತು. ಮರುದಿನವೇ ರೋಮಿನಲ್ಲಿ, ಅಷ್ಟುಕಾಲ ಅಡಗಿ ಬಾಳಿದ ಪಕ್ಷಗಳ ಪ್ರತಿನಿಧಿಗಳು ಸೇರಿ ರಾಷ್ಟ್ರೀಯ ವಿಮೋಚನಾ ಸಮಿತಿಯನ್ನು ರಚಿಸಿದರು. ಕಮ್ಯೂನಿಸ್ಟರು, ಸಮಾಜವಾದಿಗಳು, ಕ್ರಿಶ್ಚಿಯನ್ ಡೆಮೊಕ್ರಾಟರು, ಲಿಬರಲರು, ಆಕ್ಷನ್ ಪಕ್ಷದವರು, ಲೇಬರ್ ಡೆಮೊಕ್ರಾಟರು ಹೀಗೆ ಆರು ಪಕ್ಷಗಳು. ದೇವರನ್ನು ನಂಬುವವರು, ನಂಬದವರು, ಅರಸನು ಇರಲಿ ಎನ್ನುವವರು, ಬೇಡವೆನ್ನುವವರು, ಜಮೀನುದಾರರ ಮಿತ್ರರು, ಒಕ್ಕಲುಗಳ ಮಿತ್ರರು ಎಲ್ಲರೂ ಆ ಒಂದೇ ಚಪ್ಪರದ ಕೆಳಗೆ ಬಂದರು. ಅವರನ್ನು ಕೂಡಿಸಿದ್ದು ಒಂದೇ ಸಂಗತಿ: ಎದುರಿಗಿದ್ದ ಶತ್ರು.

ಆ ಯುದ್ಧಭೂಮಿಯಲ್ಲಿ ನಮ್ಮ ದೇಶದವರೂ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಭಾರತೀಯ ಸೈನ್ಯದ 4, 8 ಮತ್ತು 10ನೆಯ ಡಿವಿಜನುಗಳು ಇಟಲಿಯಲ್ಲಿ ಹೋರಾಡಿದವು. ಬೆಳಗಾವಿಯನ್ನು ಕೇಂದ್ರವಾಗುಳ್ಳ ಮರಾಠಾ ಲಘು ಪದಾತಿದಳದ ಯಶವಂತ ಘಾಡ್ಗೆ 1944ರ ಜುಲೈಯಲ್ಲಿಯೂ, ನಾಮದೇವ ಜಾಧವ 1945ರ ಎಪ್ರಿಲಿನಲ್ಲಿಯೂ ಅಲ್ಲಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಪದಕ ಪಡೆದರು. ಘಾಡ್ಗೆಯವರು ಅಲ್ಲಿಯೇ ಮಡಿದರು.

ಜರ್ಮನರ ವಶದಲ್ಲಿದ್ದ ಉತ್ತರ ಇಟಲಿಯಲ್ಲಿ ಗುಡ್ಡಗಾಡುಗಳನ್ನು ಸೇರಿದ ದೇಶಭಕ್ತರ ಪಡೆಗಳು ಎದ್ದವು. ಆ ಪಡೆಗಳ ನಾಯಕರಲ್ಲಿ ಒಬ್ಬರು "ಮೌರಿಜಿಯೊ" ಎಂಬ ಗುಪ್ತನಾಮದಿಂದ ತಿರುಗುತ್ತಿದ್ದ ಪಾರ್ರಿಯವರು. 1890ರಲ್ಲಿ ಪಿನೆರೋಲೊ ಎಂಬ ಊರಲ್ಲಿ ಜನಿಸಿದ ಅವರು ಮೊದಲನೆಯ ಮಹಾಯುದ್ಧದಲ್ಲಿ ಶೌರ್ಯಪದಕಗಳನ್ನು ಗಳಿಸಿದವರು; ಬಳಿಕ ಪತ್ರಿಕಾಕರ್ತರು. 1926ರಲ್ಲಿ ವೃದ್ಧ ಸಮಾಜವಾದಿ ನಾಯಕ ಫಿಲಿಪ್ಪೊ ತುರಾತಿಯವರನ್ನು ದೋಣಿಯಲ್ಲಿ ಕೋರ್ಸಿಕಾ ದ್ವೀಪಕ್ಕೆ ಪಾರುಮಾಡಿಸಿದ ಸಾಹಸದಲ್ಲಿ ಕೈಯಿದ್ದುದಕ್ಕೆ ಸೆರೆಮನೆಯನ್ನೂ, ದ್ವೀಪವಾಸದ ಶಿಕ್ಷೆಯನ್ನೂ ಅನುಭವಿಸಿದರು. 1945ರ ಆರಂಭದಲ್ಲಿ ಜರ್ಮನರು ಮಿಲಾನಿನಲ್ಲಿ ಅವರನ್ನು ಹಿಡಿದರು. ಗುಪ್ತ ಸಂಧಾನವೊಂದರ ಫಲವಾಗಿ ಮಾರ್ಚಿಯಲ್ಲಿ ಬಿಡುಗಡೆ ದೊರೆಯಿತು. ಎಪ್ರಿಲ್ 25ರಂದು ಮಿಲಾನ್ ನಗರ ಎದ್ದು ನಿಂತಿತು. ಇಂದಿಗೂ ಇಟಲಿಯವರು ಆ ದಿನವನ್ನು ವಿಮೋಚನೆಯ ದಿನವೆಂದು ಆಚರಿಸುತ್ತಾರೆ.

ಶತ್ರು ಹೋದನು; ಇನ್ನು ಆಳುವವರು ಯಾರು? ಅಷ್ಟರವರೆಗೆ ರೋಮಿನಲ್ಲಿದ್ದುದು ವಯೋವೃದ್ಧ ಬೊನೊಮಿಯವರ ಮಂತ್ರಿಮಂಡಲ. ಉತ್ತರದಲ್ಲಿ ಹೋರಾಡಿ ಬಂದವರು ಹೊಸ ಮುಖ ಬೇಕೆಂದರು. "ಉತ್ತರದ ಗಾಳಿ" ರೋಮಿನ ಹಳೆಯ ಧೂಳನ್ನು ಗುಡಿಸಲಿ ಎಂಬುದು ಆಗಿನ ನುಡಿ. ಸಮಾಜವಾದಿಗಳು ತಮ್ಮ ನಾಯಕ ಪಿಯೆತ್ರೊ ನೆನ್ನಿಯವರೇ ಪ್ರಧಾನಿಯಾಗಬೇಕೆಂದರು. ಕ್ರಿಶ್ಚಿಯನ್ ಡೆಮೊಕ್ರಾಟರು ತಮ್ಮ ಆಲ್ಚೀದೆ ದೆ ಗಾಸ್ಪೆರಿಯವರನ್ನು ಮುಂದಿಟ್ಟರು. ಒಬ್ಬರನ್ನು ಇನ್ನೊಬ್ಬರು ಒಪ್ಪಲಿಲ್ಲ. ಚುನಾವಣೆಯೇ ನಡೆದಿರದ ದೇಶದಲ್ಲಿ ಯಾವ ಪಕ್ಷಕ್ಕೆ ಎಷ್ಟು ಜನಬಲವಿದೆಯೆಂದು ಅಳೆಯುವ ತಕ್ಕಡಿಯೇ ಇರಲಿಲ್ಲವಷ್ಟೆ. ಆದುದರಿಂದ ಆರೂ ಪಕ್ಷಗಳು ಸಮಾನವೆಂಬ ಕಲ್ಪನೆಯ ಮೇಲೆ ಎಲ್ಲವೂ ನಿಂತಿತ್ತು. ಒಂದು ಪಕ್ಷ "ಒಲ್ಲೆ" ಎಂದರೆ ಸಾಕು, ಯಾವ ಕೆಲಸವೂ ಮುಂದೆ ಹೋಗದು. ದಿನಗಳು ಕಳೆದವು. ಕೊನೆಗೆ ಇಬ್ಬರು ಬಲಿಷ್ಠರ ನಡುವೆ ಬಲವಿಲ್ಲದ ಮೂರನೆಯವನನ್ನು ಕೂರಿಸುವ ಲೋಕಪ್ರಸಿದ್ಧ ಉಪಾಯವೇ ಅಲ್ಲಿಯೂ ನಡೆಯಿತು. ಸಣ್ಣ ಪಕ್ಷವಾದ ಆಕ್ಷನ್ ಪಕ್ಷದ ಪಾರ್ರಿಯವರ ಹೆಸರು ಬಂದಾಗ ಯಾರೂ ಬೇಡವೆನ್ನಲಾರದೆ ಹೋದರು. 1945ರ ಜೂನ್ 21ರಂದು ಅವರು ಪ್ರಧಾನಿಯಾದರು. ಗೃಹಖಾತೆಯನ್ನೂ ತಾವೇ ಇಟ್ಟುಕೊಂಡರು.

ಇಲ್ಲಿಯೇ ಆ ಮಂತ್ರಿಮಂಡಲದ ಬಲವೂ ದೌರ್ಬಲ್ಯವೂ ಅಡಗಿತ್ತೆಂದು ನಮಗೆ ತೋರುತ್ತದೆ. ಎಲ್ಲರೂ ಒಪ್ಪಿದ್ದು ಪಾರ್ರಿಯವರ ಚಾರಿತ್ರ್ಯವನ್ನು, ಅವರ ಕಾರ್ಯಕ್ರಮವನ್ನಲ್ಲ. ಅವರ ಹಿಂದೆ ದೊಡ್ಡ ಪಕ್ಷವೊಂದು ಇರಲಿಲ್ಲ. ಅವರನ್ನು ಕೂರಿಸಿದ ನೆನ್ನಿಯವರು ಉಪಪ್ರಧಾನಿ, ದೆ ಗಾಸ್ಪೆರಿಯವರು ವಿದೇಶಾಂಗ ಮಂತ್ರಿ, ಕಮ್ಯೂನಿಸ್ಟ್ ನಾಯಕ ಪಾಲ್ಮಿರೊ ತೊಲ್ಯಾತ್ತಿಯವರು ನ್ಯಾಯಾಂಗ ಮಂತ್ರಿ. ಮೂರು ದೊಡ್ಡ ಪಕ್ಷಗಳ ಮೂವರು ಮುಖಂಡರು ಕೆಳಗೆ. ಸಣ್ಣ ಪಕ್ಷದವರೊಬ್ಬರು ಮೇಲೆ.

ಪಾರ್ರಿಯವರ ದಿನಚರಿಯ ವಿಷಯದಲ್ಲಿ ಇಟಲಿಯವರು ಇಂದಿಗೂ ಹೇಳುವ ಸಂಗತಿಯೊಂದಿದೆ. ರೋಮಿನ ವಿಮಿನಾಲೆ ಎಂಬ ಭವ್ಯ ಕಟ್ಟಡದಲ್ಲಿ ಪ್ರಧಾನಿಯ ಕಚೇರಿ. ಅಲ್ಲಿಯೇ ಒಂದು ಮಡಿಚುವ ಮಂಚ ಹಾಕಿಸಿಕೊಂಡು ಅವರು ಮಲಗುತ್ತಿದ್ದರು. ರಾತ್ರಿ ಬಹಳ ಹೊತ್ತಿನವರೆಗೆ ಕಾಗದಪತ್ರಗಳನ್ನು ನೋಡುತ್ತಿದ್ದರು. ಇದನ್ನು ಕಂಡು ಗೌರವಿಸಿದವರು ಇದ್ದಂತೆ ನಕ್ಕವರೂ ಇದ್ದರು. "ಸಾಮಾನ್ಯ ಮನುಷ್ಯ" ಎಂಬರ್ಥದ ಹೆಸರಿನ ವಾರಪತ್ರಿಕೆಯೊಂದು ಆಗ ಬಹು ಪ್ರಚಾರದಲ್ಲಿತ್ತು; ಅದರ ಸಂಪಾದಕ ಜನ್ನೀನಿಯು ಪ್ರಧಾನಿಯ ಹೆಸರನ್ನೇ ತಿರುಚಿ "ಪೆದ್ದ" ಎಂಬರ್ಥ ಬರುವಂತೆ "ಫೆಸ್ಸೂಚ್ಚೊ" ಎಂದು ಕರೆದು ನಗೆಯಾಡಿದನು. ರಾಜಕಾರಣದಿಂದ ಬೇಸತ್ತ ಜನಕ್ಕೆ ಅದು ರುಚಿಸಿತು.

ಇನ್ನು ದೇಶದ ಸ್ಥಿತಿ. ಸೇತುವೆಗಳು ಮುರಿದಿದ್ದವು, ರೈಲುದಾರಿಗಳು ಹಾಳಾಗಿದ್ದವು, ಕಲ್ಲಿದ್ದಲಿಲ್ಲ, ರೊಟ್ಟಿಗೆ ಪಡಿತರ, ಮಿಕ್ಕುದಕ್ಕೆ ಕಾಳಸಂತೆ. ನಾಣ್ಯದ ಬೆಲೆ ದಿನದಿನಕ್ಕೆ ಇಳಿಯುತ್ತಿತ್ತು. ಪಾರ್ರಿಯವರು ಹೋರಾಡಿದ ಮಿಲಾನ್ ಮೊದಲಾದ ಉತ್ತರದ ನಗರಗಳು 1945ರ ಕೊನೆಯ ತನಕವೂ ಮಿತ್ರರಾಷ್ಟ್ರಗಳ ಸೈನಿಕ ಆಡಳಿತದಲ್ಲಿಯೇ ಇದ್ದವು. ಅಂದರೆ ತನ್ನ ಊರಲ್ಲೇ ತನ್ನ ಆಜ್ಞೆ ನೇರವಾಗಿ ನಡೆಯದ ಪ್ರಧಾನಿ! ದಕ್ಷಿಣದ ಸಿಸಿಲಿ ದ್ವೀಪದಲ್ಲಿ ಪ್ರತ್ಯೇಕತೆಯ ಚಳವಳಿ ಬಲಿತು, ಅಕ್ಟೋಬರ ತಿಂಗಳಲ್ಲಿ ಅದರ ನಾಯಕನನ್ನು ಬಂಧಿಸಿ ದೂರದ ದ್ವೀಪಕ್ಕೆ ಕಳುಹಿಸಬೇಕಾಯಿತು. ಸ್ವತಃ ದ್ವೀಪವಾಸ ಅನುಭವಿಸಿದವರಿಗೇ ಆ ಆಜ್ಞೆ ಕೊಡಬೇಕಾದ ಪ್ರಸಂಗ ಬಂದಿತು.

ಸಂಮಿಶ್ರ ಸರಕಾರದ ಯಂತ್ರ ಹೇಗೆ ತೊಡರುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಯುದ್ಧಕಾಲದಲ್ಲಿ ಕಾಳಸಂತೆಯಿಂದ ಹಣ ಗುಡ್ಡೆಹಾಕಿದವರು ಬಹಳ ಮಂದಿ. ಬೆಲ್ಜಿಯಮ್ಮಿನಲ್ಲಿ 1944ರಲ್ಲಿಯೂ, ಫ್ರಾನ್ಸಿನಲ್ಲಿ 1945ರಲ್ಲಿಯೂ ಹಳೆಯ ನೋಟುಗಳನ್ನು ಹಿಂತೆಗೆದುಕೊಂಡು ಹೊಸವನ್ನು ಕೊಟ್ಟಿದ್ದರು. ಹೀಗೆ ಮಾಡಿದರೆ ಯಾರ ಬಳಿ ಎಷ್ಟಿದೆಯೆಂಬುದು ಬೆಳಕಿಗೆ ಬರುತ್ತದೆ; ಅದರ ಮೇಲೆ ತೆರಿಗೆ ಹಾಕಬಹುದು. ಇಟಲಿಯಲ್ಲಿಯೂ ಇದನ್ನೇ ಮಾಡಬೇಕೆಂದು ತೆರಿಗೆಗಳ ಹೊಣೆ ಹೊತ್ತ ಮಂತ್ರಿ, ಕಮ್ಯೂನಿಸ್ಟರಾದ ಮೌರೊ ಸ್ಕೊಚ್ಚಿಮಾರ್ರೊ ಪಟ್ಟುಹಿಡಿದರು. ಆದರೆ ತೆರಿಗೆಯ ಖಾತೆ ಒಂದು, ಖಜಾನೆಯ ಖಾತೆ ಬೇರೊಂದು. ಖಜಾನೆ ಇದ್ದುದು ಲಿಬರಲರ ಕೈಯಲ್ಲಿ. ಹೀಗೆ ಮಾಡಿದರೆ ಉಳಿತಾಯಗಾರರು ಹೆದರಿಯಾರು, ವ್ಯಾಪಾರ ಕುಸಿದೀತು ಎಂಬುದು ಲಿಬರಲರ ವಾದ. ಎರಡೂ ವಾದಗಳಲ್ಲಿ ಹುರುಳಿಲ್ಲವೆನ್ನಲಾಗದು. ಒಂದು ಖಾತೆಯವರು ಬರೆದುದಕ್ಕೆ ಇನ್ನೊಂದು ಖಾತೆಯವರು ರುಜು ಹಾಕಲಿಲ್ಲ. ಯೋಜನೆ ಮುಂದೂಡಲ್ಪಟ್ಟಿತು, ಮತ್ತೆ ಮುಂದೂಡಲ್ಪಟ್ಟಿತು, ಕೊನೆಗೆ ನಡೆಯಲೇ ಇಲ್ಲ. ಕಚ್ಚಾವಸ್ತುಗಳ ಹಂಚಿಕೆಯಲ್ಲಿ ಸಣ್ಣ ಹಾಗೂ ನಡುತರದ ಕಾರ್ಖಾನೆಗಳಿಗೆ ಮೊದಲ ಪಾಲು ಕೊಡಬೇಕು, ಯುದ್ಧದಲ್ಲಿ ಕೊಬ್ಬಿದ ದೊಡ್ಡ ಕಾರ್ಖಾನೆಗಳ ಮೇಲೆ ತೆರಿಗೆಯ ಭಾರ ಹೊರಿಸಬೇಕು ಎಂಬ ಪಾರ್ರಿಯವರ ಇಚ್ಛೆಗೂ ಇದೇ ಗತಿ. ದೊಡ್ಡ ಉದ್ಯಮಪತಿಗಳು ಅಸಮಾಧಾನಗೊಂಡರು. ಸಣ್ಣವರಿಗೆ ಲಾಭ ಮುಟ್ಟುವಷ್ಟು ಕಾಲ ಒದಗಲಿಲ್ಲ.

ಹಳೆಯ ಫ್ಯಾಸಿಸ್ಟ್ ಅಧಿಕಾರಿಗಳನ್ನು ಕಚೇರಿಗಳಿಂದ ತೆಗೆಯುವ "ಶುದ್ಧೀಕರಣ"ದ ಪ್ರಶ್ನೆಯಂತೂ ಇನ್ನೂ ಕಠಿನ. ಇಪ್ಪತ್ತು ವರ್ಷ ಆಳಿದ ಪಕ್ಷದ ಸದಸ್ಯತ್ವವಿಲ್ಲದೆ ಗುಮಾಸ್ತೆಗೂ ಕೆಲಸ ಸಿಗುತ್ತಿರಲಿಲ್ಲ. ಹಾಗಿರುವಾಗ ತಪ್ಪಿತಸ್ಥನಾರು, ಹೊಟ್ಟೆಪಾಡಿಗಾಗಿ ಸೇರಿದವನಾರು? ಪಾರ್ರಿಯವರ ಪಕ್ಷ ಕಠಿನ ಶುದ್ಧೀಕರಣವನ್ನು ಬಯಸಿತು. ಸಣ್ಣ ಗುಮಾಸ್ತರ ಮನೆಗಳಲ್ಲಿ ಅದರಿಂದ ಭಯ ಹುಟ್ಟಿತು. ಆ ಭಯವೇ ಜನ್ನೀನಿಯ ವಾರಪತ್ರಿಕೆಗೆ ಗ್ರಾಹಕರನ್ನು ಒದಗಿಸಿತು.

ಇದೇ ಗಲಿಬಿಲಿಯ ನಡುವೆಯೇ ನಾವು ಮೊದಲು ಸೂಚಿಸಿದ ಶಾಲೆಯ ಕೆಲಸ ನಡೆಯಿತು. ಇಟಲಿಯ ಉತ್ತರದ ಗಡಿಯಲ್ಲಿ ಬೊಲ್ಜಾನೊ ಎಂಬ ಪ್ರಾಂತ. ಮೊದಲನೆಯ ಮಹಾಯುದ್ಧದ ನಂತರ ಆಸ್ಟ್ರಿಯದಿಂದ ಇಟಲಿಗೆ ಬಂದ ಈ ಪ್ರಾಂತದಲ್ಲಿ ಬಹುಸಂಖ್ಯಾತರ ಮನೆಮಾತು ಜರ್ಮನ್. 1923ರ ಫ್ಯಾಸಿಸ್ಟ್ ಕಾಯಿದೆಯು ಅಲ್ಲಿಯ ಶಾಲೆಗಳಿಂದ ಜರ್ಮನ್ ಭಾಷೆಯನ್ನು ಹೊರಡಿಸಿತು. ಆಗ ಆ ತಾಯ್ತಂದೆಗಳು ಏನು ಮಾಡಿದರು ಗೊತ್ತೇ? ರೈತರ ಮನೆಗಳಲ್ಲಿ, ಕಣಜಗಳಲ್ಲಿ ಗುಟ್ಟಾಗಿ ಪಾಠ ಹೇಳಿಸಿದರು. ಪ್ರಾಚೀನ ರೋಮಿನಲ್ಲಿ ಕ್ರೈಸ್ತರು ಸೇರುತ್ತಿದ್ದ ನೆಲಮಾಳಿಗೆಗಳ ನೆನಪಿನಲ್ಲಿ ಅವುಗಳಿಗೆ "ನೆಲಮಾಳಿಗೆಯ ಶಾಲೆಗಳು" ಎಂದು ಹೆಸರಾಯಿತು. ಪಾಠ ಹೇಳಿದ ತರುಣಿಯರು ಸಿಕ್ಕಿಬಿದ್ದರೆ ಶಿಕ್ಷೆಗೆ ಗುರಿಯಾಗುತ್ತಿದ್ದರು. 1939ರಲ್ಲಿ ಹಿಟ್ಲರನೂ ಮುಸೊಲಿನಿಯೂ ಕೂಡಿ, ಜರ್ಮನ್ ಆಡುವವರು ಒಂದೋ ಊರು ಬಿಟ್ಟು ಜರ್ಮನಿಗೆ ಹೋಗಲಿ, ಇಲ್ಲವೆ ಇಟಲಿಯವರಾಗಿ ಉಳಿಯಲಿ ಎಂದು ವಿಧಿಸಿದರು. ಭಾಷೆಯೋ ನೆಲವೋ ಎಂಬ ಆ ಕ್ರೂರವಾದ ಆಯ್ಕೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಬೇರೆ ದಾರಿ ಹಿಡಿದರು. ಬಹುಮಂದಿ ಹೋಗುವೆವೆಂದು ಬರೆದುಕೊಟ್ಟರು. ಸುಮಾರು 75 ಸಾವಿರ ಜನ ಹೋದರು. 1943ರಿಂದ ಜರ್ಮನ್ ಸೈನ್ಯದ ಆಡಳಿತದಲ್ಲಿ ಜರ್ಮನ್ ಶಾಲೆಗಳು ಮತ್ತೆ ತೆರೆದವು. ಸೈನ್ಯ ಸೋತಮೇಲೆ ಅವುಗಳ ಗತಿಯೇನೆಂಬ ಪ್ರಶ್ನೆ ಉಳಿಯಿತು.

1945ರ ಅಕ್ಟೋಬರ 27ರ ಶಾಸನದಿಂದ ಪಾರ್ರಿಯವರ ಸರಕಾರವು ಆ ಪ್ರದೇಶದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಳನ್ನು ಸ್ಥಾಪಿಸಿತು. ಇದಕ್ಕೂ ಮುಂಚೆ, ಸೆಪ್ಟೆಂಬರ 7ರಂದು, ಫ್ರೆಂಚ್ ಮಾತಿನ ಬಳಕೆಯುಳ್ಳ ಆಲ್ಪ್ಸ್ ಪರ್ವತದ ಆವೊಸ್ತಾ ಕಣಿವೆಗೆ ಸ್ವಯಮಾಡಳಿತವನ್ನೂ, ಫ್ರೆಂಚ್ ಭಾಷೆಯ ಬಳಕೆಯ ಹಕ್ಕನ್ನೂ ಕೊಡಲಾಗಿತ್ತು. ಆ ಕಣಿವೆಯವರೇ ಆದ ಇತಿಹಾಸಕಾರ ಫೆದೆರಿಕೊ ಶಬೊ ಎಂಬವರು ಮುಂದೆ, 1946ರ ಜನವರಿಯಲ್ಲಿ, ಅಲ್ಲಿಯ ಸಮಿತಿಯ ಮೊದಲ ಅಧ್ಯಕ್ಷರಾದರು. ಇದೆಲ್ಲ ಬರೇ ಔದಾರ್ಯವೆಂದು ನಾವು ಹೇಳುವುದಿಲ್ಲ. ಆವೊಸ್ತಾದೊಳಗೆ ಫ್ರೆಂಚ್ ಸೈನಿಕರು ಬಂದಿದ್ದರು. ಬೊಲ್ಜಾನೊವನ್ನು ಆಸ್ಟ್ರಿಯ ಮರಳಿ ಕೇಳುತ್ತಿತ್ತು. ಗಡಿಯ ಜನ ಕೈಬಿಟ್ಟುಹೋದಾರೆಂಬ ಭಯವೂ ರೋಮಿನವರ ಬುದ್ಧಿಯನ್ನು ತಿದ್ದಿತು. ಹಾಗಿದ್ದರೂ ಒಂದು ಮಗು ತನ್ನ ತಾಯಿಯ ಮಾತಿನಲ್ಲಿ ಅಕ್ಷರ ಕಲಿಯಲು ಕಣಜದೊಳಗೆ ಅಡಗಬೇಕಾಗಿಲ್ಲವೆಂದು ಇಟಲಿಯ ಕಾಯಿದೆಯ ಪುಸ್ತಕದಲ್ಲಿ ಬರೆದುದು ಆ ಐದು ತಿಂಗಳಲ್ಲಿ. ನೋಟು ಬದಲಿಸುವ ವಿಷಯದಲ್ಲಿ ಕಿತ್ತಾಡಿದ ಆ ಆರು ಪಕ್ಷಗಳೇ ಅದಕ್ಕೆ ಒಪ್ಪಿದುವು. ವಿದೇಶಾಂಗ ಮಂತ್ರಿ ದೆ ಗಾಸ್ಪೆರಿಯವರೂ ಆ ಗಡಿಯವರೇ; ಹಿಂದೆ, ಅವರ ಊರು ಆಸ್ಟ್ರಿಯದ ಆಳ್ವಿಕೆಯಲ್ಲಿದ್ದಾಗ, ವಿಯೆನ್ನಾದ ಪಾರ್ಲಿಮೆಂಟಿನಲ್ಲಿ ಇಟಾಲಿಯನ್ ಆಡುವ ಅಲ್ಪಸಂಖ್ಯಾತರ ಪ್ರತಿನಿಧಿಯಾಗಿ ಕುಳಿತವರು.

ಇತ್ತ ಸೆಪ್ಟೆಂಬರ 25ರಂದು, ಚುನಾವಣೆಯಾಗುವ ತನಕ ಸರಕಾರಕ್ಕೆ ಸಲಹೆ ಕೊಡಲು ನೇಮಿಸಲಾದ ರಾಷ್ಟ್ರೀಯ ಸಲಹಾಸಭೆ ರೋಮಿನಲ್ಲಿ ಸೇರಿತು. ಮರುದಿನದ ಭಾಷಣದಲ್ಲಿ ಪಾರ್ರಿಯವರು, ಫ್ಯಾಸಿಸಮ್ಮಿಗೆ ಮುಂಚಿನ ಇಟಲಿಯ ಸರಕಾರಗಳನ್ನು ನಿಜವಾದ ಪ್ರಜಾಪ್ರಭುತ್ವವೆನ್ನಲಾಗದು ಎಂಬರ್ಥದ ಮಾತನ್ನಾಡಿದರು. ಸಭೆಯಲ್ಲಿ ಕೋಲಾಹಲವೆದ್ದಿತು. ಆ ಹಳೆಯ ಕಾಲದ ಮಂತ್ರಿಗಳಾಗಿದ್ದ ಮುದುಕರು ಎದುರಿಗೇ ಕುಳಿತಿದ್ದರು. ಲಿಬರಲರ ಹಿರಿಯರೂ ಜಗದ್ವಿಖ್ಯಾತ ತತ್ತ್ವಜ್ಞಾನಿಗಳೂ ಆದ ಬೆನೆದೆತ್ತೊ ಕ್ರೋಚೆಯವರು ಎದ್ದು ಹಳೆಯ ಇಟಲಿಯ ಪರವಾಗಿ ಉತ್ತರವಿತ್ತರು. ಕೇಳುವುದಕ್ಕೆ ಇದು ಇತಿಹಾಸದ ಚರ್ಚೆ. ಆದರೆ ಒಳಗಿನ ಪ್ರಶ್ನೆ ಇದು: ಮುರಿದುಬಿದ್ದ ಮನೆಯನ್ನು ಹಿಂದಿದ್ದಂತೆಯೇ ರಿಪೇರಿ ಮಾಡುವುದೋ, ತಳಪಾಯದಿಂದ ಹೊಸತಾಗಿ ಕಟ್ಟುವುದೋ? ಆರು ಪಕ್ಷಗಳು ಶತ್ರುವಿನ ವಿಷಯದಲ್ಲಿ ಒಂದಾಗಿದ್ದುವೇ ಹೊರತು ಈ ಪ್ರಶ್ನೆಯಲ್ಲಿ ಎಂದೂ ಒಂದಾಗಿರಲಿಲ್ಲ.

ನವೆಂಬರಿನಲ್ಲಿ ಒಡಕು ಬಹಿರಂಗಕ್ಕೆ ಬಂತು. ಜಿಲ್ಲೆಗಳ ಆಡಳಿತಾಧಿಕಾರಿಗಳನ್ನು, ನಮ್ಮ ಕಲೆಕ್ಟರರಂತಹ ಪ್ರಿಫೆಕ್ಟರನ್ನು, ಉತ್ತರದಲ್ಲಿ ವಿಮೋಚನಾ ಸಮಿತಿಗಳೇ ನೇಮಿಸಿದ್ದವು. ಅವರನ್ನು ತೆಗೆದು ವೃತ್ತಿನಿರತ ಅಧಿಕಾರಿಗಳನ್ನು ಹಾಕಬೇಕು, ಸಮಿತಿಗಳು ರಾಜ್ಯದ ಅಧಿಕಾರವನ್ನು ಕೈಬಿಡಬೇಕು ಎಂದು ಲಿಬರಲರು ಬಹಳ ದಿನಗಳಿಂದ ಒತ್ತಾಯಿಸುತ್ತಿದ್ದರು. ನವೆಂಬರ 21ರಂದು ಅವರು ತಮ್ಮ ಮಂತ್ರಿಗಳನ್ನು ಹಿಂತೆಗೆದುಕೊಂಡರು. ಒಂದು ಪಕ್ಷ ಹೋದರೇನು, ಐದು ಉಳಿದವಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ಆರೂ ಪಕ್ಷಗಳು ಕೂಡಿದ್ದೇ ಆ ಸರಕಾರದ ಏಕೈಕ ಅಧಿಕಾರಪತ್ರ. ಅದರ ಬೆನ್ನಿಗೆ ಮತದಾರರ ತೀರ್ಪು ಇರಲಿಲ್ಲ. ಲಿಬರಲರಿಲ್ಲದೆ ಮುಂದುವರಿಯಲು ಕ್ರಿಶ್ಚಿಯನ್ ಡೆಮೊಕ್ರಾಟರು ಒಪ್ಪಲಿಲ್ಲ. ಎಡಪಕ್ಷಗಳಾದರೂ ಪಾರ್ರಿಯವರ ಪರವಾಗಿ ಕೊನೆಯವರೆಗೆ ನಿಲ್ಲಲಿಲ್ಲ. ದೊಡ್ಡ ಕ್ಯಾಥೊಲಿಕ್ ಪಕ್ಷದೊಡನೆ ಸಂಬಂಧ ಕಡಿದುಕೊಳ್ಳಲು ತೊಲ್ಯಾತ್ತಿಯವರಿಗೆ ಮನಸ್ಸಿರಲಿಲ್ಲ. ಸಣ್ಣ ಪಕ್ಷದ ಪ್ರಧಾನಿಗಾಗಿ ಅಷ್ಟು ಬೆಲೆ ತೆರುವವರಾರು?

ನವೆಂಬರ 24ರಂದು ಪಾರ್ರಿಯವರು ವಿಮಿನಾಲೆಯಲ್ಲಿ ಪತ್ರಿಕಾಕರ್ತರನ್ನೂ ಪಕ್ಷಗಳ ಮುಖಂಡರನ್ನೂ ಕರೆಸಿ ರಾಜೀನಾಮೆಯನ್ನು ಸಾರಿದರು. ಸರಕಾರದ ಒಳಗೇ ಇದ್ದು ಅದನ್ನು ಅಗೆದವರು ಹಳೆಯ ಶಕ್ತಿಗಳಿಗೆ ಬಾಗಿಲು ತೆರೆಯುತ್ತಿದ್ದಾರೆಂದು ಕಹಿಯಾಗಿ ಆಪಾದಿಸಿದರು. ಅಲ್ಲಿಯೇ ಇದ್ದ ದೆ ಗಾಸ್ಪೆರಿಯವರು ಕೂಡಲೇ ಎದ್ದು ಆ ಆಪಾದನೆಯನ್ನು ಅಲ್ಲಗಳೆದರು. ವಿದೇಶೀ ಪತ್ರಿಕಾಕರ್ತರ ಎದುರಿನಲ್ಲಿ ದೇಶದ ಹೆಸರು ಕೆಡಬಾರದೆಂಬ ಆತಂಕ ಅವರದು. ಕಲಾವಿದರೂ ಲೇಖಕರೂ ಆದ ಕಾರ್ಲೊ ಲೇವಿ 1950ರಲ್ಲಿ ಪ್ರಕಟಿಸಿದ "ಗಡಿಯಾರ" ಎಂಬರ್ಥದ ಹೆಸರಿನ ಕಾದಂಬರಿ ಆ ದಿನಗಳ ಚಿತ್ರವೇ ಆಗಿದೆ. ಅಂದು ಯಾರ ಮಾತು ನಿಜ? ಹಳಬರು ಕಚೇರಿಗಳಿಗೆ ಮರಳುವರೆಂಬ ಪಾರ್ರಿಯವರ ಭೀತಿ ಬಹುಮಟ್ಟಿಗೆ ನಿಜವಾಯಿತು. ಫ್ಯಾಸಿಸಮ್ಮೇ ಮರಳುವುದೆಂಬ ಭೀತಿ ನಿಜವಾಗಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಪಾರ್ರಿಯವರು ಮಾಡಿದ ತಪ್ಪು ಆಪಾದನೆಯದಲ್ಲ. ಬೆಟ್ಟದಲ್ಲಿ ಜತೆಗಿದ್ದವರು ಬಯಲಲ್ಲಿಯೂ ಜತೆಗಿರುವರೆಂದು ನಂಬಿ, ಐದು ತಿಂಗಳ ಕಾಲ ತನ್ನ ಬೆಂಬಲಿಗರನ್ನು ಎಣಿಸಿ ನೋಡದೆ ಇದ್ದುದೇ ಅವರ ತಪ್ಪು.

ಡಿಸೆಂಬರ 10ರಂದು ದೆ ಗಾಸ್ಪೆರಿಯವರು ಅದೇ ಆರು ಪಕ್ಷಗಳ ಹೊಸ ಮಂತ್ರಿಮಂಡಲವನ್ನು ರಚಿಸಿದರು. ವಿಮೋಚನಾ ಸಮಿತಿಗಳು ನೇಮಿಸಿದ ಪ್ರಿಫೆಕ್ಟರ ಸ್ಥಾನಗಳಿಗೆ ಮುಂದಿನ ವರ್ಷದ ಆರಂಭದಲ್ಲಿ ವೃತ್ತಿನಿರತ ಅಧಿಕಾರಿಗಳು ಬಂದರು. 1946ರ ಜೂನ್ 2ರಂದು ಇಟಲಿಯ ಜನ, ಅಂತಹ ಮತದಾನದಲ್ಲಿ ಮೊದಲ ಬಾರಿಗೆ ಹೆಂಗಸರೂ ಸೇರಿ, ಅರಸೊತ್ತಿಗೆಯೋ ಗಣರಾಜ್ಯವೋ ಎಂದು ಮತವಿತ್ತರು. ಗಣರಾಜ್ಯಕ್ಕೆ ಸುಮಾರು 1 ಕೋಟಿ 27 ಲಕ್ಷ, ಅರಸೊತ್ತಿಗೆಗೆ ಸುಮಾರು 1 ಕೋಟಿ 7 ಲಕ್ಷ ಮತಗಳು ಬಂದವು. ಅಂದೇ ಚುನಾಯಿತವಾದ ಸಂವಿಧಾನ ಸಭೆಯ 556 ಸ್ಥಾನಗಳಲ್ಲಿ ಕ್ರಿಶ್ಚಿಯನ್ ಡೆಮೊಕ್ರಾಟರಿಗೆ 207, ಸಮಾಜವಾದಿಗಳಿಗೆ 115, ಕಮ್ಯೂನಿಸ್ಟರಿಗೆ 104 ಸಿಕ್ಕಿದವು. ತಕ್ಕಡಿ ಕೊನೆಗೂ ಬಂದಿತ್ತು. ಪ್ರಧಾನಿಯನ್ನೇ ಕೊಟ್ಟಿದ್ದ ಆಕ್ಷನ್ ಪಕ್ಷಕ್ಕೆ ಅದರಲ್ಲಿ ತೂಗಿದ್ದು 7 ಸ್ಥಾನ; ಮರುವರ್ಷ ಆ ಪಕ್ಷವೇ ವಿಸರ್ಜನೆಯಾಯಿತು. ದೆ ಗಾಸ್ಪೆರಿಯವರು ಒಂದರ ಹಿಂದೊಂದು ಎಂಟು ಮಂತ್ರಿಮಂಡಲಗಳನ್ನು ನಡೆಸಿ 1953ರವರೆಗೆ ಪ್ರಧಾನಿಯಾಗಿದ್ದರು. 1946ರ ಸೆಪ್ಟೆಂಬರ 5ರಂದು ಪ್ಯಾರಿಸಿನಲ್ಲಿ ಆಸ್ಟ್ರಿಯದ ಮಂತ್ರಿ ಗ್ರೂಬರರೊಡನೆ ಅವರು ಮಾಡಿಕೊಂಡ ಒಪ್ಪಂದದಲ್ಲಿ ಬೊಲ್ಜಾನೊದ ಮಕ್ಕಳ ಮಾತೃಭಾಷೆಯ ಶಾಲೆಗಳಿಗೆ ಎರಡು ದೇಶಗಳ ರುಜು ಬಿತ್ತು. ಅಲ್ಲಿ ಜರ್ಮನ್ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ.

ಪಾರ್ರಿಯವರು ಮತ್ತೆ ಪ್ರಧಾನಿಯಾಗಲಿಲ್ಲ. 1963ರಲ್ಲಿ ಅವರನ್ನು ಆಜೀವ ಸೆನೆಟರರನ್ನಾಗಿ ನೇಮಿಸಲಾಯಿತು. 1981ರ ಡಿಸೆಂಬರ 8ರಂದು, ತಮ್ಮ 91ನೆಯ ವಯಸ್ಸಿನಲ್ಲಿ, ರೋಮಿನಲ್ಲಿ ತೀರಿಕೊಂಡರು.